ಕಾಮಿಡಿ ಸ್ಕ್ರಿಪ್ಟ್‌ಗೆ ಆನ್‌ಲೈನಲ್ಲಿ ನಿಜವಾದ ಫೀಡ್‌ಬ್ಯಾಕ್ ಕೊಡೋದು, ತಗೊಳೋದು ಹೇಗೆ

ಹೊಸದಾಗಿ ಕಾಮಿಡಿ ಬರೆಯೋರು ಯಾರಿಗಾದ್ರೂ ಸ್ಕ್ರಿಪ್ಟ್ ಕಳಿಸಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಎರಡೇ ಥರ. ಒಂದು, "ಸೂಪರ್ ಗುರು, ಸಖತ್ತಾಗಿದೆ" ಅಂತ ಜೊತೆಗೆ ನಾಲ್ಕು ನಗೋ ಇಮೋಜಿ, ಇಲ್ಲಾಂದ್ರೆ "ನಗುನೇ ಬರ್ಲಿಲ್ಲ". ಎರಡನ್ನ ಓದಿದ್ರೂ ನಾಳೆ ಬೆಳಿಗ್ಗೆ ಫೈಲ್ ಓಪನ್ ಮಾಡಿ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲ್ಲ. ಮೊದಲನೇದು ಸುಳ್ಳೋ ನಿಜವೋ ಅನ್ನೋ ಅನುಮಾನ, ಎರಡನೇದ್ರಲ್ಲಿ ಬರೀ ನೋವು. ನನ್ ಪ್ರಕಾರ ಕಾಮಿಡಿಗೆ ಪ್ರಾಮಾಣಿಕ ಫೀಡ್‌ಬ್ಯಾಕ್ ಅಂದ್ರೆ ಮೊದಲು ವರದಿ, ಆಮೇಲೆ ಅಭಿಪ್ರಾಯ. ಯಾವ ಪೇಜಲ್ಲಿ ಯಾವ ಲೈನಿಗೆ ನಗು ಬಂತು, ಎಲ್ಲಿ ಬರ್ಲಿಲ್ಲ, ಎಲ್ಲಿ ಮನಸ್ಸು ಬೇರೆ ಕಡೆ ಹೋಯ್ತು, ಅಷ್ಟನ್ನ ಸರಿಯಾಗಿ ಹೇಳಿದ್ರೇನೇ ಅರ್ಧ ಕೆಲಸ ಮುಗೀತು.

ಕಳಿಸೋರು ಮೊದಲು ಮಾಡ್ಬೇಕಾದ್ದು ಏನಂದ್ರೆ, ಇದು ಎಷ್ಟನೇ ಡ್ರಾಫ್ಟು, ಸ್ಕೆಚ್ಚಾ (ಚಿಕ್ಕ ಕಾಮಿಡಿ ದೃಶ್ಯ) ಸಿಟ್‌ಕಾಮಾ (ಅದೇ ಪಾತ್ರಗಳು ಮತ್ತೆ ಮತ್ತೆ ಬರೋ ಕಾಮಿಡಿ ಸೀರೀಸ್) ಸ್ಟ್ಯಾಂಡಪ್ಪಾ, ನಿಮಗೆ ಏನು ಡೌಟ್ ಇದೆ, ಇಷ್ಟನ್ನ ಎರಡು ಸಾಲಲ್ಲಿ ಬರೀರಿ. ಫೈಲನ್ನ ಪಿಡಿಎಫ್ ಮಾಡಿ, ಪೇಜ್ ನಂಬರ್ ಹಾಕಿ, ಫೋಟೋ ತೆಗೆದು ಹತ್ತು ತುಂಡು ಮಾಡಿ ಕಳಿಸ್ಬೇಡಿ. ಸಾಮಾನ್ಯ ಸ್ಕ್ರಿಪ್ಟ್ ಫಾರ್ಮ್ಯಾಟಲ್ಲಿ ಒಂದು ಪೇಜ್ ಅಂದ್ರೆ ಸುಮಾರು ಒಂದು ನಿಮಿಷ ಅನ್ನೋ ಲೆಕ್ಕ ಇದೆ, ಮೂರು ನಿಮಿಷದ ಸ್ಕೆಚ್ ಅಂತ ಹೇಳಿ ಒಂಬತ್ತು ಪೇಜ್ ಕಳಿಸಿದ್ರೆ ಓದೋರಿಗೆ ಮೊದಲ ಸಮಸ್ಯೆ ಅಲ್ಲೇ ಕಾಣುತ್ತೆ. ಅದನ್ನ ನೀವೇ ನೋಡ್ಕೊಂಡು ಕಳಿಸೋದು ಒಳ್ಳೇದು. "ಇದು ಅಷ್ಟೇನೂ ಚೆನ್ನಾಗಿಲ್ಲ, ಸುಮ್ನೆ ಬರ್ದಿದ್ದು" ಅಂತೆಲ್ಲ ಸೇರಿಸ್ಬೇಡಿ, ಅದನ್ನ ಓದಿದೋರು ನಿಮ್ಮ ಮನಸ್ಸು ನೋಯಿಸ್ಬಾರ್ದು ಅಂತ ಮೆತ್ತಗೆ ಮಾತಾಡೋಕೆ ಶುರು ಮಾಡ್ತಾರೆ.

ಇನ್ನೊಂದು ವಿಷ್ಯ, ಇದಂತೂ ತುಂಬಾ ಮುಖ್ಯ. ಜೋಕು ನಿಂತಿರೋದೇ ಅನಿರೀಕ್ಷಿತದ ಮೇಲೆ, ಹಾಗಾಗಿ ಒಬ್ಬ ಓದುಗನಿಂದ ನಿಮಗೆ ಸಿಗೋ ಮೊದಲ ಓದು ಒಂದೇ ಒಂದು. ಎರಡನೇ ಸಲ ಅದೇ ಲೈನಿಗೆ ಅವರು ಅಷ್ಟೇ ನಗೋದು ಕಷ್ಟ, ಅದು ಜೋಕಿನ ತಪ್ಪಲ್ಲ. ಅದಕ್ಕೆ ಮೊದಲ ಡ್ರಾಫ್ಟನ್ನೇ ಗೊತ್ತಿರೋ ಎಲ್ಲರಿಗೂ ಒಟ್ಟಿಗೆ ಕಳಿಸ್ಬೇಡಿ, ಇಬ್ಬರು ಮೂವರಿಗೆ ಕಳಿಸಿ, ಉಳಿದವರನ್ನ ಮುಂದಿನ ಡ್ರಾಫ್ಟಿಗೆ ಇಟ್ಕೊಳಿ.

ಈಗ ಓದೋರ ವಿಷ್ಯಕ್ಕೆ ಬರೋಣ. ಮೊದಲ ಸಲ ಓದುವಾಗ ಸರಿ ಮಾಡೋಕೆ ಹೋಗ್ಬೇಡಿ, ಒಂದೇ ಉಸಿರಲ್ಲಿ ಓದ್ಕೊಂಡು ಹೋಗಿ, ಪಕ್ಕದಲ್ಲಿ ಗುರುತು ಮಾತ್ರ ಹಾಕಿ: ಜೋರಾಗಿ ನಕ್ಕಿದ್ದು, ಮುಗುಳ್ನಕ್ಕಿದ್ದು, ಜೋಕು ಅಂತ ಗೊತ್ತಾಗಿಯೂ ನಗು ಬರ್ದೇ ಇದ್ದಿದ್ದು, ಅರ್ಥನೇ ಆಗ್ದೇ ಇದ್ದಿದ್ದು. ಆಗೋದಾದ್ರೆ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ ಗಟ್ಟಿಯಾಗಿ ಓದಿ, ಆ ವಾಯ್ಸ್ ಫೈಲನ್ನೇ ಕಳಿಸ್ಬಿಡಿ. ನೀವು ಎಲ್ಲಿ ತಡವರಿಸಿದ್ರಿ, ಎಲ್ಲಿ ನಗು ತಡ್ಕೊಳೋಕೆ ಆಗ್ಲಿಲ್ಲ, ಎಲ್ಲಿ ಲೈನನ್ನ ಎರಡು ಸಲ ಓದಬೇಕಾಯ್ತು, ಎಲ್ಲಾ ಅದ್ರಲ್ಲಿ ಇರುತ್ತೆ. ನೀವು ಬರ್ದು ಕಳಿಸೋ ಪ್ಯಾರಾಗಿಂತ ಆ ರೆಕಾರ್ಡಿಂಗ್ ಎಷ್ಟೋ ಉಪಯೋಗ.

ಆಮೇಲೆ ನಗು ಬರ್ದೇ ಇರೋ ಜಾಗಕ್ಕೆ ವಾಪಸ್ ಹೋಗಿ ಯಾಕೆ ಅಂತ ಯೋಚ್ನೆ ಮಾಡಿ. ಯಾಕಂದ್ರೆ ಕಾರಣಗಳು ಬೇರೆ ಬೇರೆ, ಒಂದೊಂದಕ್ಕೂ ಔಷಧಿ ಬೇರೆ. ಸೆಟಪ್ಪಲ್ಲೇ (ಜೋಕಿಗೆ ನೆಲ ಸಿದ್ಧ ಮಾಡೋ ಭಾಗದಲ್ಲೇ) ಮಾಹಿತಿ ಸಾಲದೆ ಜೋಕು ಅರ್ಥ ಆಗ್ಲಿಲ್ವಾ, ಇಲ್ಲಾ ಸೆಟಪ್ ಓದ್ತಿದ್ದಂಗೆ ಪಂಚ್ (ನಗಿಸೋ ಕೊನೇ ಮಾತು) ಏನು ಅಂತ ಮೊದಲೇ ಗೊತ್ತಾಗೋಯ್ತಾ? ಎಲ್ಲೋ ಕೇಳಿದ ಹಳೇ ಜೋಕಾ? ಈ ಪಾತ್ರ ಇಂಥ ಮಾತಾಡೋಕೆ ಸಾಧ್ಯನೇ ಇಲ್ಲ ಅನ್ನಿಸ್ತಾ? ಅಥವಾ ಜೋಕು ಸರಿಯಾಗಿದೆ ಆದ್ರೆ ಪಾಪದ ಪಾತ್ರನ ತುಳಿದು ನಗಿಸೋಕೆ ಹೋಗಿದ್ದಕ್ಕೆ ಮನಸ್ಸು ಒಪ್ಪಲಿಲ್ವಾ? "ವರ್ಕ್ ಆಗ್ಲಿಲ್ಲ" ಅನ್ನೋ ಒಂದೇ ಮಾತಲ್ಲಿ ಇವೆಲ್ಲ ಮುಚ್ಚಿಹೋಗುತ್ತೆ.

ಒಂದು ಉದಾಹರಣೆ ನೋಡಿ, ಹೊಸಬರು ಬರೆಯೋ ಥರದ್ದು, ಇಲ್ಲಿಗೋಸ್ಕರ ನಾನೇ ಬರ್ದಿದ್ದು, ಒಂದು ಸ್ಕ್ರಿಪ್ಟಿನ ನಡುವಿನ ತುಣುಕು ಅಂದ್ಕೊಳಿ:

ಮಾಲೀಕ: ಮೂರು ತಿಂಗಳ ಬಾಡಿಗೆ ಬಾಕಿ ಇದೆ.
ಹುಡುಗ: ಸಾರ್, ನಾನು ಮನೆ ಖಾಲಿ ಮಾಡಿನೇ ಮೂರು ತಿಂಗಳಾಯ್ತು. ಬೀಗದ ಕೈ ನಿಮ್ಮ ಕೈಗೇ ಕೊಟ್ಟಿದ್ದೆ.
ಮಾಲೀಕ: ಹಂಗಾದ್ರೆ ಯಾರಪ್ಪ ದಿನಾ ರಾತ್ರಿ ಮೇಲ್ಗಡೆ ಓಡಾಡೋದು, ನನಗೆ ಹೆಜ್ಜೆ ಸದ್ದು ಕೇಳುತ್ತೆ, ಭಯ ಆಗ್ತಿದೆ!
ಹುಡುಗ: ಅದು ದೆವ್ವ ಸಾರ್, ದೆವ್ವದ ಹತ್ರ ಬಾಡಿಗೆ ಕೇಳಿ!

ಇದಕ್ಕೆ "ಐಡಿಯಾ ಚೆನ್ನಾಗಿದೆ, ಇನ್ನೂ ಪಂಚ್ ಬೇಕು" ಅಂತ ಬರೆದ್ರೆ ಏನೂ ಹೇಳ್ದಂಗಾಯ್ತು. ನಾನಾಗಿದ್ರೆ ಹೀಗೆ ಬರೀತೀನಿ: "ಮೂರನೇ ಲೈನಲ್ಲಿ ನಗು ಬರೋಕೆ ಶುರುವಾಯ್ತು, ಆದ್ರೆ 'ಯಾರಪ್ಪ' ಮೊದಲೇ ಬಂದುಬಿಟ್ಟು ಆಮೇಲೆ ಹೆಜ್ಜೆ ಸದ್ದು, ಭಯ ಅಂತ ವಿವರಣೆ ಬಂದಿದ್ದಕ್ಕೆ ನಗು ಅಲ್ಲೇ ಆರೋಯ್ತು. ನಾಲ್ಕನೇ ಲೈನ್ ನಾನಾಗ್ಲೇ ಊಹಿಸಿದ್ದನ್ನ ಮತ್ತೆ ಹೇಳ್ತಿದೆ. ಇನ್ನೊಂದು, ಮಾಲೀಕ ಹಿಂದಿನ ಪೇಜಲ್ಲಿ ದುಡ್ಡು ಬಿಟ್ರೆ ಬೇರೇನೂ ಯೋಚ್ನೆ ಮಾಡದ ಮನುಷ್ಯ, ಇಲ್ಲಿ ಇದ್ದಕ್ಕಿದ್ದಂಗೆ ಹೆದರ್ತಾನೆ, ನನಗೆ ನಂಬೋಕೆ ಆಗ್ಲಿಲ್ಲ." ಇಷ್ಟು ಸಿಕ್ರೆ ಬರೆದವರೇ ದಾರಿ ಹುಡುಕ್ತಾರೆ. ಬಹುಶಃ "ಹಂಗಾದ್ರೆ ದಿನಾ ರಾತ್ರಿ ಮೇಲ್ಗಡೆ ಓಡಾಡೋದು ಯಾರು?" ಅಂತ ಆಗುತ್ತೆ, ಅಚ್ಚರಿ ಕೊಡೋ ಪದ ಕೊನೆಗೆ ಬರುತ್ತೆ. ಆಮೇಲೆ ಒಂದು ಕ್ಷಣ ಮೌನ, ಮತ್ತೆ ಮಾಲೀಕನೇ, "ಅವರು ಅಡ್ವಾನ್ಸ್ ಕೊಟ್ಟಿದಾರಾ?" ದೆವ್ವ ಅನ್ನೋ ಪದನೇ ಬರ್ಲಿಲ್ಲ ನೋಡಿ, ಪಾತ್ರನೂ ಪಾತ್ರವಾಗೇ ಉಳೀತು.

ಇಲ್ಲೇ ಒಂದು ಎಚ್ಚರಿಕೆ. ನಿಮಗೆ ಹೊಳೆದ ಹೊಸ ಲೈನನ್ನ ಕೇಳದೇ ಕೊಡ್ಬೇಡಿ. "ನನ್ ಹತ್ರ ಒಂದೆರಡು ಪರ್ಯಾಯ ಲೈನ್ ಇದೆ, ಬೇಕಾ?" ಅಂತ ಕೇಳಿ, ಬೇಕು ಅಂದ್ರೆ ಕೊಡಿ. ಕೆಲವರಿಗೆ ಸಮಸ್ಯೆ ಎಲ್ಲಿದೆ ಅಂತ ಗೊತ್ತಾದ್ರೆ ಸಾಕು, ಪಂಚ್ ತಾವೇ ಬರೀಬೇಕು ಅಂತ ಆಸೆ ಇರುತ್ತೆ, ಅದು ನ್ಯಾಯವಾದ ಆಸೆ. ಇನ್ನು ತಗೊಂಡವರು ಬೇರೆಯವರ ಲೈನ್ ಹಾಗೇ ಬಳಸೋದಾದ್ರೆ ಅವರನ್ನ ಒಂದು ಮಾತು ಕೇಳಿ, ಹೆಸರು ಹಾಕೋದಿದ್ರೆ ಹಾಕಿ.

ಹೊಗಳಿಕೆನೂ ಇದೇ ಥರ ಜಾಗ ತೋರಿಸಿ ಕೊಡಿ. "ಆರನೇ ಪೇಜಲ್ಲಿ ಬೀಗದ ಕೈ ಮತ್ತೆ ಬಂದಾಗ ನಿಜವಾಗ್ಲೂ ಜೋರಾಗಿ ನಕ್ಕೆ, ಎರಡನೇ ಪೇಜಲ್ಲಿ ಇಟ್ಟಿದ್ದು ನೆನಪೇ ಇರ್ಲಿಲ್ಲ" ಅಂದ್ರೆ ಬರೆದವರಿಗೆ ತಮ್ಮ ಶಕ್ತಿ ಯಾವುದ್ರಲ್ಲಿದೆ ಅಂತ ಗೊತ್ತಾಗುತ್ತೆ, ರೀರೈಟ್ ಮಾಡುವಾಗ ಅದನ್ನ ಕಿತ್ತು ಹಾಕಲ್ಲ. ನಗದೇ ಇದ್ದಿದ್ದಕ್ಕೆ ನಗೋ ಇಮೋಜಿ ಹಾಕೋದನ್ನ ಮಾತ್ರ ದಯವಿಟ್ಟು ಬಿಡಿ, ಅದನ್ನ ನಂಬಿ ಅವರು ನಾಳೆ ಆ ಜೋಕನ್ನ ಸ್ಟೇಜ್ ಮೇಲೆ ಹೇಳ್ತಾರೆ. ನಿಮಗೆ ಆ ಬಗೆಯ ಕಾಮಿಡಿನೇ ಇಷ್ಟ ಇಲ್ಲ ಅಂದ್ರೆ ಮೊದಲ ಸಾಲಲ್ಲೇ ಹೇಳ್ಬಿಡಿ, ಓದೋದೇ ಬೇಡ ಅನ್ನಿಸಿದ್ರೆ ಅದೂ ಸರಿನೇ.

ತಗೊಳೋದು ಕೊಡೋದಕ್ಕಿಂತ ಕಷ್ಟ. ನಿಯಮ ಒಂದೇ, ಜೋಕನ್ನ ವಿವರಿಸ್ಬೇಡಿ. "ಇಲ್ಲ ಅದು ಏನಂದ್ರೆ ಅವನು ಅಲ್ಲಿ..." ಅಂತ ಟೈಪ್ ಮಾಡೋಕೆ ಶುರು ಮಾಡಿದ್ರೆ ನಿಲ್ಲಿಸಿ, ಯಾಕಂದ್ರೆ ನಾಳೆ ನೋಡೋ ಪ್ರೇಕ್ಷಕನ ಪಕ್ಕ ಕೂತು ನೀವು ಅದನ್ನ ಹೇಳೋಕೆ ಆಗಲ್ಲ. ಅದ್ರ ಬದ್ಲು ಪ್ರಶ್ನೆ ಕೇಳಿ. "ಈ ಲೈನಿಗೆ ಬರೋ ಹೊತ್ತಿಗೆ ಮುಂದೆ ಏನಾಗುತ್ತೆ ಅಂದ್ಕೊಂಡಿದ್ರಿ?" ಅನ್ನೋ ಪ್ರಶ್ನೆ ನನಗೆ ತುಂಬಾ ಇಷ್ಟ, ಉತ್ತರದಲ್ಲೇ ನಿಮ್ಮ ಸೆಟಪ್ ಏನು ಹೇಳ್ತಿದೆ, ಏನು ಹೇಳ್ತಿಲ್ಲ ಅಂತ ಬಯಲಾಗುತ್ತೆ. ಓದಿದ ಕೂಡ್ಲೇ ರಿಪ್ಲೈ ಮಾಡ್ಲೇಬೇಕು ಅಂದ್ರೆ ಥ್ಯಾಂಕ್ಸ್ ಹೇಳಿ ಸುಮ್ನಿರಿ, ಮಿಕ್ಕಿದ್ದು ಒಂದು ರಾತ್ರಿ ಮಲಗೆದ್ದ ಮೇಲೆ.

ಮೂರು ಜನ ಮೂರು ಥರ ಪರಿಹಾರ ಹೇಳ್ತಾರೆ, ಒಬ್ಬರು ಸೀನ್ ಕಟ್ ಮಾಡಿ ಅಂತಾರೆ, ಇನ್ನೊಬ್ಬರು ಉದ್ದ ಮಾಡಿ ಅಂತಾರೆ. ತಲೆ ಕೆಡಿಸ್ಕೊಬೇಡಿ. ಮೂವರೂ ತೋರಿಸ್ತಿರೋದು ಅದೇ ಜಾಗನಾ ಅಂತ ನೋಡಿ. ಜಾಗ ಒಂದೇ ಆಗಿದ್ರೆ ಅಲ್ಲಿ ಖಂಡಿತ ಏನೋ ಇದೆ, ಪರಿಹಾರ ಮೂವರದ್ದೂ ತಪ್ಪಾಗಿರ್ಬಹುದು ಅಷ್ಟೇ. ಎಷ್ಟೋ ಸಲ ನಾಲ್ಕನೇ ಪೇಜಿನ ಪಂಚ್ ಸತ್ತಿರೋದು ಎರಡನೇ ಪೇಜಲ್ಲಿ ಒಂದು ಸಣ್ಣ ಮಾಹಿತಿ ಕೊಡದೇ ಇದ್ದಿದ್ದಕ್ಕೆ. ಒಬ್ಬರೇ ಹೇಳಿದ್ದು, ಉಳಿದವರೆಲ್ಲ ಅಲ್ಲೇ ನಕ್ಕಿದ್ದಾರೆ ಅಂದ್ರೆ ಅದು ರುಚಿಯ ವಿಷ್ಯ, ಬಿಡಬಹುದು. ಆದ್ರೆ ಆ ಒಬ್ಬರು ಹೇಳಿದ್ದು "ನನ್ನಂಥವರನ್ನ ಇಲ್ಲಿ ಆಡ್ಕೊಂಡಂಗಿದೆ" ಅಂತಾಗಿದ್ರೆ ಓಟಿನ ಲೆಕ್ಕ ಹಾಕ್ಬೇಡಿ, ನಗು ಯಾರ ಮೇಲೆ ಬೀಳ್ತಿದೆ ಅಂತ ಕೂತು ಮತ್ತೆ ಓದಿ. ಬರೀ ಬೈಗುಳ ಇರೋ ಮೆಸೇಜಲ್ಲಿ ಪೇಜು ಲೈನು ಏನೂ ಇಲ್ಲಾಂದ್ರೆ ಅದಕ್ಕೆ ಉತ್ತರ ಬೇಕಾಗಿಲ್ಲ.

ವಿಡಿಯೋ ಕಾಲಲ್ಲಿ ಟೇಬಲ್ ರೀಡ್ (ಎಲ್ಲರೂ ಸೇರಿ ಸ್ಕ್ರಿಪ್ಟನ್ನ ಗಟ್ಟಿಯಾಗಿ ಓದೋದು) ಮಾಡೋದು ಒಳ್ಳೇ ಅಭ್ಯಾಸ, ಪಾತ್ರ ಹಂಚ್ಕೊಂಡು ಬೇರೆಯವರು ಓದ್ಲಿ, ನೀವು ಓದ್ಬೇಡಿ. ನೀವು ಓದಿದ್ರೆ ಪೇಪರ್ ಮೇಲೆ ಇಲ್ಲದ ಟೈಮಿಂಗನ್ನ ನಿಮ್ಮ ದನಿಯೇ ತುಂಬಿಬಿಡುತ್ತೆ. ಕೇಳೋರು ಮೈಕ್ ಮ್ಯೂಟ್ ಮಾಡ್ದೇ ಇರ್ಲಿ, ಎಲ್ಲರೂ ಹೆಡ್‌ಫೋನ್ ಹಾಕಿದ್ರೆ ಎಕೋ ಬರಲ್ಲ. ನಾಯ್ಸ್ ಕಡಿಮೆ ಮಾಡೋ ಸೆಟ್ಟಿಂಗ್ ನಗುನೂ ಗದ್ದಲ ಅಂತ ನುಂಗಿಬಿಡಬಹುದು, ಅದನ್ನೂ ಆಫ್ ಮಾಡಿಸಿ. ನಡುವೆ ನಿಲ್ಲಿಸಿ ಚರ್ಚೆ ಬೇಡ, ಪೂರ್ತಿ ಮುಗೀಲಿ.

ರೀರೈಟ್ ಮಾಡುವಾಗ ಕಟ್ ಮಾಡಿದ ಜೋಕುಗಳನ್ನ ಅಳಿಸ್ಬೇಡಿ, ಬೇರೆ ಫೈಲಲ್ಲಿ ಹಾಕಿಡಿ, ಈ ಸ್ಕ್ರಿಪ್ಟಲ್ಲಿ ಕೂರದ ಲೈನ್ ಇನ್ನೊಂದ್ರಲ್ಲಿ ಸರಿಯಾಗಿ ಕೂರುತ್ತೆ. ಹೊಸ ಡ್ರಾಫ್ಟನ್ನ ಇದುವರೆಗೂ ಓದದೇ ಇರೋರಿಗೆ ಕಳಿಸಿ. ಹಳೇ ಓದುಗರಿಗೆ ಬದಲಾದ ಪೇಜುಗಳನ್ನ ಮಾತ್ರ ಕಳಿಸಿ, ಅವರು ಹೇಳಿದ ಯಾವ ಮಾತಿಂದ ಯಾವ ಲೈನ್ ಬದಲಾಯ್ತು ಅಂತ ಒಂದು ಸಾಲು ಬರೀರಿ, ಅವರ ಹತ್ರನೂ ಸ್ಕ್ರಿಪ್ಟ್ ಇದ್ರೆ ಓದೋಕೆ ಕೇಳಿ ತಗೊಳಿ.