ಧರ್ಮಪ್ರಾಂತ್ಯ ದಿವಾಳಿ ಅರ್ಜಿ ಹಾಕಿದರೆ: ಅಮೆರಿಕದ ಕನ್ನಡಿಗರು ತಿಳಿದಿರಬೇಕಾದದ್ದು

ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಹೇವರ್ಡ್ ಊರುಗಳು ಓಕ್ಲೆಂಡ್ ಧರ್ಮಪ್ರಾಂತ್ಯಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಕ್ಯಾಥೊಲಿಕ್ ಚರ್ಚ್ ವಲಯಕ್ಕೆ, ಸೇರಿವೆ. ಅಲ್ಲಿ ನೆಲೆಸಿರುವ ನಮ್ಮವರಲ್ಲಿ ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರೂ ಇದ್ದಾರೆ, ಮಕ್ಕಳನ್ನು ಕ್ಯಾಥೊಲಿಕ್ ಶಾಲೆಗೆ ಕಳಿಸುವ ಬೇರೆಯವರೂ ಇದ್ದಾರೆ. 2023ರ ಮೇ ತಿಂಗಳಲ್ಲಿ ಈ ಧರ್ಮಪ್ರಾಂತ್ಯ ದಿವಾಳಿ ಕಾನೂನಿನ ಚಾಪ್ಟರ್ 11ರ ಅಡಿ ಅರ್ಜಿ ಹಾಕಿತು. ಭಾನುವಾರದ ಪೂಜೆ ನಿಂತೇ ಹೋಗುತ್ತದೆ, ಶಾಲೆಗೆ ಬೀಗ ಬೀಳುತ್ತದೆ ಎಂದು ಗಾಬರಿಪಡಬೇಕಿಲ್ಲ. ಚಾಪ್ಟರ್ 11 ಇರುವುದು ಸಂಸ್ಥೆಯನ್ನು ನಡೆಸಿಕೊಂಡೇ ಬಾಕಿ ತೀರಿಸುವುದಕ್ಕೆ. ಇಲ್ಲಿನ ಬಾಕಿ, ಬಾಲ್ಯದಲ್ಲಿ ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಸಲ್ಲಬೇಕಾದ ಪರಿಹಾರ.

ಹಳೆಯ ಪ್ರಕರಣಗಳು ಈಗೇಕೆ ಮೇಲೆದ್ದಿವೆ? ಪಾದ್ರಿಗಳ ದೌರ್ಜನ್ಯವನ್ನು ಚರ್ಚ್ ಮುಚ್ಚಿಟ್ಟಿದ್ದ ಬಾಸ್ಟನ್‌ನ ಹಗರಣ 2002ರಲ್ಲಿ ಬಯಲಾದ ಮೇಲೂ ಅನೇಕರಿಗೆ ದಾವೆ ಹೂಡುವ ಕಾಲಮಿತಿ ಅಡ್ಡಬಂದಿತ್ತು. ಆಮೇಲೆ ಹಲವು ರಾಜ್ಯಗಳು ಆ ಮಿತಿಯನ್ನು ಸಡಿಲಿಸಿದವು. ಕ್ಯಾಲಿಫೋರ್ನಿಯಾ 2020ರಿಂದ 2022ರ ಕೊನೆಯವರೆಗೆ ಎಷ್ಟೇ ಹಳೆಯ ದೌರ್ಜನ್ಯಕ್ಕೂ ದಾವೆ ಹೂಡಲು ಅವಕಾಶ ಕೊಟ್ಟಿತು. ಓಕ್ಲೆಂಡ್ ಒಂದರ ಮೇಲೆಯೇ ಮುನ್ನೂರಕ್ಕೂ ಹೆಚ್ಚು ದಾವೆಗಳು ಬಂದವು. ಮೇರಿಲ್ಯಾಂಡ್‌ನಲ್ಲಿ ಕಾಲಮಿತಿಯನ್ನೇ ತೆಗೆದುಹಾಕಿದ ಕಾಯ್ದೆ 2023ರ ಅಕ್ಟೋಬರ್ 1ರಂದು ಜಾರಿಗೆ ಬರುವುದಿತ್ತು. ಅದಕ್ಕೆ ಎರಡು ದಿನ ಮೊದಲು ಅಲ್ಲಿನ ಬಾಲ್ಟಿಮೋರ್ ಮಹಾಧರ್ಮಪ್ರಾಂತ್ಯ ದಿವಾಳಿ ಅರ್ಜಿ ಸಲ್ಲಿಸಿತು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು, ಇಂದಿಗೂ ಇಳಿದಿಲ್ಲ. ಏಕೆಂದರೆ ಅರ್ಜಿ ಬಿದ್ದ ಕ್ಷಣದಿಂದ ಧರ್ಮಪ್ರಾಂತ್ಯದ ಮೇಲಿನ ದಾವೆಗಳೆಲ್ಲ ತಾನಾಗಿಯೇ ನಿಲ್ಲುತ್ತವೆ. ಜ್ಯೂರಿಯ ಮುಂದೆ ನಿಂತು ತನ್ನ ಕಥೆ ಹೇಳಬೇಕೆಂದಿದ್ದ ವ್ಯಕ್ತಿ ದಿವಾಳಿ ನ್ಯಾಯಾಲಯದ ಕಡತದಲ್ಲಿ ಒಂದು ಸಂಖ್ಯೆಯಾಗುತ್ತಾನೆ.

ನೀವು ಮುಖ್ಯವಾಗಿ ಗಮನಿಸಬೇಕಾದದ್ದು ನ್ಯಾಯಾಲಯ ನಿಗದಿಪಡಿಸುವ ಕೊನೆಯ ದಿನಾಂಕ. ಇಲ್ಲಿ ಅದನ್ನು ಬಾರ್ ಡೇಟ್ ಎನ್ನುತ್ತಾರೆ. ಅದರೊಳಗೆ ಪರಿಹಾರ ಕೋರುವ ಕ್ಲೇಮ್ ಅರ್ಜಿ ಸಲ್ಲಿಸದಿದ್ದರೆ ಸಾಮಾನ್ಯವಾಗಿ ಪರಿಹಾರದ ಹಕ್ಕು ಕೈತಪ್ಪುತ್ತದೆ. ಯಾವ ಚರ್ಚ್ ಅಥವಾ ಶಾಲೆ, ಸುಮಾರು ಯಾವ ವರ್ಷ, ಆಗ ನಿಮ್ಮ ವಯಸ್ಸೆಷ್ಟು, ಮಾಡಿದವರು ಯಾರು, ನಂತರದ ಬದುಕಿನ ಮೇಲೆ ಏನು ಪರಿಣಾಮವಾಯಿತು ಎಂದು ಅರ್ಜಿ ಕೇಳುತ್ತದೆ. ಹೆಸರು ನೆನಪಿಲ್ಲದಿದ್ದರೆ ಮುಖಚಹರೆ, ಹುದ್ದೆ, ನೆನಪಿರುವಷ್ಟನ್ನು ಬರೆಯಬಹುದು. ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಘೋಷಣೆಯ ಕೆಳಗೆ ಸಹಿ ಹಾಕಬೇಕು. ಇಂಥ ಅರ್ಜಿಗಳನ್ನು ಸಾಮಾನ್ಯವಾಗಿ ಗೋಪ್ಯವಾಗಿಡುತ್ತಾರೆ. ‘ನಾಲ್ಕು ಜನಕ್ಕೆ ಗೊತ್ತಾದರೆ ಮರ್ಯಾದೆ ಏನಾಗುತ್ತದೆ’ ಎಂಬ ಭಯವೇ ನಮ್ಮವರ ಬಾಯಿ ಕಟ್ಟುತ್ತದೆ ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ. ಇನ್ನೊಂದು ಮಾತು: ಸಂತ್ರಸ್ತರ ನೆರವಿಗೆಂದು ಧರ್ಮಪ್ರಾಂತ್ಯ ಇಟ್ಟಿರುವ ಸಂಯೋಜಕರಿಗೆ ಫೋನ್ ಮಾಡಿ ಹೇಳಿಕೊಂಡರೆ ಅದು ಕ್ಲೇಮ್ ಆಗುವುದಿಲ್ಲ, ಪೊಲೀಸ್ ದೂರೂ ಆಗುವುದಿಲ್ಲ.

ಹಣ ಬರುವುದು ಆಸ್ತಿ ಮಾರಾಟದಿಂದ ಮತ್ತು ದಶಕಗಳ ಹಿಂದಿನ ವಿಮಾ ಪಾಲಿಸಿಗಳಿಂದ. ವಿಮಾ ಕಂಪನಿಗಳು ತಕರಾರು ತೆಗೆಯುವುದರಿಂದ ವರ್ಷಗಳೇ ಹಿಡಿಯುತ್ತವೆ. ನ್ಯೂಯಾರ್ಕ್‌ನ ರಾಕ್‌ವಿಲ್ ಸೆಂಟರ್ ಧರ್ಮಪ್ರಾಂತ್ಯ 2020ರಲ್ಲಿ ದಿವಾಳಿ ಅರ್ಜಿ ಹಾಕಿತು; 32.3 ಕೋಟಿ ಡಾಲರ್‌ಗೆ ಒಪ್ಪಂದವಾಗುವಾಗ 2024 ಬಂದಿತ್ತು. ನಿಮ್ಮ ಕಾಣಿಕೆಯ ಮಾತಿಗೆ ಬಂದರೆ, ಶಾಲೆಯ ಚಾವಣಿಗೆ, ಬಡವರ ಊಟಕ್ಕೆ ಎಂದು ಉದ್ದೇಶ ಬರೆದು ಕೊಟ್ಟ ಹಣವನ್ನು ಸಾಮಾನ್ಯವಾಗಿ ಬೇರೆ ಬಾಕಿಗೆ ಬಳಸುವಂತಿಲ್ಲ. ಚೆಕ್ಕಿನ ಮೇಲೆ ಉದ್ದೇಶ ಬರೆಯಿರಿ, ರಸೀದಿ ಇಟ್ಟುಕೊಳ್ಳಿ.

ದಾವೆ ಹೂಡಲು ಅಮೆರಿಕದ ಪೌರತ್ವ ಬೇಕಿಲ್ಲ. ವೀಸಾದಲ್ಲಿರುವವರಿಗೂ ಆ ಹಕ್ಕಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಂದು ಅಥವಾ ಆಮೇಲೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಕ್ಕೆ ಸಿವಿಲ್ ದಾವೆಯ ಕಾಲಮಿತಿಯೇ ಇಲ್ಲ. ಈ ಪ್ರಕರಣಗಳ ವಕೀಲರು ಹೆಚ್ಚಾಗಿ ಮುಂಗಡ ಕೇಳುವುದಿಲ್ಲ, ಬಂದ ಪರಿಹಾರದಲ್ಲಿ ಮೂರನೇ ಒಂದು ಪಾಲು ಅಥವಾ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತಾರೆ. ಆ ಪಾಲನ್ನು ಖರ್ಚು ಕಳೆಯುವ ಮೊದಲು ಲೆಕ್ಕ ಹಾಕುತ್ತಾರೋ, ಕಳೆದ ಮೇಲೋ ಎಂಬುದನ್ನು ಸಹಿ ಹಾಕುವ ಮುನ್ನ ಬರಹದಲ್ಲಿ ಕೇಳಿ ಪಡೆಯಿರಿ.