ಮೊದಲು ಬ್ರೇಕ್, ಕೊನೆಗೆ ಸ್ಟಿಯರಿಂಗ್: ಸಿಮ್ ರೇಸಿಂಗ್‌ನಲ್ಲಿ ನನ್ನ ನಾಲ್ಕು ವರ್ಷ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ವಿನ್ಯಾಸದ ಕೆಲಸದಲ್ಲಿರುವ ನಾನು ಸಿಮ್ ರೇಸಿಂಗ್, ಅಂದರೆ ಸ್ಟಿಯರಿಂಗ್ ಮತ್ತು ಪೆಡಲ್ ಜೋಡಿಸಿದ ಕಂಪ್ಯೂಟರಿನಲ್ಲಿ ಕಾರು ರೇಸ್ ಓಡಿಸುವ ಹವ್ಯಾಸ, ಆರಂಭಿಸಿದ್ದು 2021ರಲ್ಲಿ, ಎರಡನೆಯ ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳಲ್ಲಿ. ಪರಿಚಿತರೊಬ್ಬರು ತಾವು ಬಳಸಿದ್ದ ಲಾಜಿಟೆಕ್ ಜಿ29 ಸ್ಟಿಯರಿಂಗನ್ನೂ ಅದರ ಪೆಡಲ್‌ಗಳನ್ನೂ 16,000 ರೂಪಾಯಿಗೆ ಕೊಟ್ಟರು. ಮನೆಯ ಕಂಪ್ಯೂಟರಿನಲ್ಲಿ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮೊದಲೇ ಇತ್ತು. ಇಟಲಿಯ ಕುನೋಸ್ ಸಂಸ್ಥೆ 2014ರಲ್ಲಿ ಹೊರತಂದ ಅಸೆಟ್ಟೊ ಕೋರ್ಸಾ ಎಂಬ ಆಟ ರಿಯಾಯಿತಿಯ ದಿನಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಉಪಕರಣಗಳಿಗೆ ನಾನು ಸುರಿದ ಹಣ 1,04,000 ರೂಪಾಯಿ. ಹಳೆಯ ಸ್ಟಿಯರಿಂಗನ್ನು 11,000ಕ್ಕೆ ಮಾರಿದ್ದನ್ನು ಕಳೆದರೆ 93,000. ಇದೇ ಹಣವನ್ನು ಬೇರೆ ಕ್ರಮದಲ್ಲಿ ಖರ್ಚು ಮಾಡಿದ್ದರೆ ಒಂದೂವರೆ ವರ್ಷದ ತೊಳಲಾಟ ಉಳಿಯುತ್ತಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲ ತಿಂಗಳುಗಳಲ್ಲಿ ಸ್ಟಿಯರಿಂಗ್ ಊಟದ ಮೇಜಿನ ಅಂಚಿಗೆ ಕ್ಲ್ಯಾಂಪ್ ಆಗಿತ್ತು, ನಾನು ಚಕ್ರಗಳಿರುವ ಆಫೀಸು ಕುರ್ಚಿಯಲ್ಲಿ ಕೂರುತ್ತಿದ್ದೆ. ಬ್ರೇಕ್ ಒತ್ತಿದಾಗಲೆಲ್ಲ ಕುರ್ಚಿ ಹಿಂದಕ್ಕೆ ಜಾರುತ್ತಿದ್ದುದರಿಂದ ಅದರ ಕಾಲುಗಳನ್ನು ಮೇಜಿಗೆ ಹಗ್ಗದಿಂದ ಬಿಗಿದಿದ್ದೆ. ಆ ಹಂತದಲ್ಲಿ ಒಂದು ಪೈಸೆಯೂ ಖರ್ಚಿಲ್ಲದೆ ಆದ ಸುಧಾರಣೆ ಎಂದರೆ ಪರದೆಯಲ್ಲಿ ಕಾಣುವ ನೋಟದ ಕೋನವನ್ನು ಸರಿಪಡಿಸಿದ್ದು. 27 ಇಂಚಿನ ಮಾನಿಟರಿನ ಅಗಲ ಸುಮಾರು 60 ಸೆಂಟಿಮೀಟರ್. ಅದನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿಟ್ಟರೆ ಅಡ್ಡ ಕೋನ ಸುಮಾರು 53 ಡಿಗ್ರಿ ಆಗುತ್ತದೆ. ಆಟದಲ್ಲಿ ಮೊದಲೇ ಇದ್ದ ಕೋನ ಇದಕ್ಕಿಂತ ಬಹಳ ಅಗಲವಾಗಿದ್ದು, ಎಲ್ಲ ತಿರುವುಗಳೂ ಇರುವುದಕ್ಕಿಂತ ದೂರದಲ್ಲಿ ಕಾಣುತ್ತಿದ್ದವು. 53ಕ್ಕೆ ಇಳಿಸಿದಾಗ ಪಕ್ಕದ ಕಾರುಗಳು ಕಾಣದಂತಾದವು ನಿಜ, ಆದರೆ ತಿರುವಿನ ದೂರ ಕಣ್ಣಿಗೆ ಸರಿಯಾಗಿ ಸಿಗತೊಡಗಿತು.

ಇತರರೊಡನೆ ಓಡಿಸುವ ಆಸೆಯಿಂದ ಅದೇ ವರ್ಷದ ಕೊನೆಯಲ್ಲಿ, ಇಂಟರ್ನೆಟ್ ಮೂಲಕ ಸ್ಪರ್ಧೆ ನಡೆಸುವ ಐರೇಸಿಂಗ್ ಸೇರಿದೆ. 2008ರಿಂದ ನಡೆದುಬಂದಿರುವ ಈ ಸೇವೆಗೆ ಚಂದಾ ಡಾಲರಿನಲ್ಲಿ ಕಟ್ಟಬೇಕು. ವರ್ಷಕ್ಕೆ ಸುಮಾರು ಒಂಬತ್ತು ಸಾವಿರ ರೂಪಾಯಿ. ಅದರ ಮೇಲೆ, ಚಂದಾದೊಡನೆ ಬರುವವನ್ನು ಬಿಟ್ಟು ಉಳಿದ ಕಾರುಗಳಿಗೆ ಮತ್ತು ಟ್ರ್ಯಾಕುಗಳಿಗೆ ತಲಾ ಹನ್ನೆರಡು ಡಾಲರಿನಷ್ಟು, ಕೆಲವಕ್ಕೆ ಇನ್ನೂ ಹೆಚ್ಚು. ಇಲ್ಲಿ ಚಾಲಕರಿಗೆ ಎರಡು ಅಂಕಗಳಿವೆ: ವೇಗವನ್ನು ಅಳೆಯುವುದು ಒಂದು, ಎಷ್ಟು ಜಾಗ್ರತೆಯಿಂದ ಓಡಿಸುತ್ತೇವೆ ಎಂಬುದನ್ನು ಅಳೆಯುವುದು ಇನ್ನೊಂದು. ರಸ್ತೆಯಿಂದ ಹೊರಗೆ ಹೋದರೆ ಒಂದು ತಪ್ಪಂಕ, ನಿಯಂತ್ರಣ ತಪ್ಪಿದರೆ ಎರಡು, ಬೇರೆ ಕಾರಿಗೆ ಬಲವಾಗಿ ಬಡಿದರೆ ನಾಲ್ಕು. ಜಾಗ್ರತೆಯ ಅಂಕ ಏರಿದರೆ ಮಾತ್ರ ಮೇಲಿನ ದರ್ಜೆಯ ಪರವಾನಗಿ ದೊರೆಯುತ್ತದೆ.

ನನ್ನ ಅಂಕ ಏರಲಿಲ್ಲ. ಅಮೆರಿಕದ ಲೈಮ್ ರಾಕ್ ಟ್ರ್ಯಾಕಿನಲ್ಲಿ ಮಾಜ್ದಾ ಎಂಎಕ್ಸ್-5 ಓಡಿಸುತ್ತಿದ್ದಾಗ, ನೇರ ದಾರಿ ಮುಗಿದು ಬಲಕ್ಕೆ ಹೊರಳುವ ಬಿಗ್ ಬೆಂಡ್ ಎಂಬ ಮೊದಲ ತಿರುವಿನಲ್ಲಿ ಮುಂದಿನ ಚಕ್ರಗಳು ಲಾಕ್ ಆಗಿ, ಅಂದರೆ ಉರುಳುವುದು ನಿಂತು ಜಾರಿ, ಮುಂದೆ ಹೋಗುತ್ತಿದ್ದ ಕಾರಿಗೆ ಹೋಗಿ ಗುದ್ದಿದೆ. ಅದು ಒಂದೇ ಸಲವಲ್ಲ, ಒಂದೇ ವಾರದಲ್ಲಿ ಮೂರು ಸಲ. ಗುದ್ದಿಸಿಕೊಂಡವರಿಗೆ ಪ್ರತಿ ಸಲವೂ ಕ್ಷಮೆ ಕೇಳಿದ್ದೇನೆ. ಅರ್ಧ ಗಂಟೆ ಅಭ್ಯಾಸ ಮಾಡಿ ಬಂದವರ ಸ್ಪರ್ಧೆ ನನ್ನಿಂದ ಮೊದಲ ಸುತ್ತಿನಲ್ಲೇ ಮುಗಿದುಹೋದ ನೋವು ಇಂದಿಗೂ ನೆನಪಿದೆ. ಒಳ್ಳೆಯ ಸ್ಟಿಯರಿಂಗ್ ಕೊಂಡರೆ ಇದು ಸರಿಹೋಗುತ್ತದೆ ಎಂದು ಆಗ ನಂಬಿದ್ದೆ, ಅದಕ್ಕಾಗಿ ಹಣವನ್ನೂ ಕೂಡಿಡುತ್ತಿದ್ದೆ.

ಆ ನಂಬಿಕೆ ತಪ್ಪೆಂದು ತಿಳಿದದ್ದು ಟೆಲಿಮೆಟ್ರಿ, ಅಂದರೆ ಓಡಿಸುವಾಗ ವೇಗ, ಬ್ರೇಕ್ ಮುಂತಾದವು ಗ್ರಾಫ್ ಆಗಿ ದಾಖಲಾದದ್ದನ್ನು ನೋಡಿದಾಗ. ವೇಗದ ಚಾಲಕರ ಬ್ರೇಕ್ ಗ್ರಾಫ್ ಕಡಿದಾಗಿ ಮೇಲೇರಿ, ತಿರುವಿನೊಳಗೆ ಹೋದಂತೆ ಇಳಿಜಾರಿನಂತೆ ನಿಧಾನವಾಗಿ ಇಳಿಯುತ್ತದೆ. ನನ್ನ ಗ್ರಾಫ್ ಗೋಡೆಯಂತೆ ಎದ್ದು ಗೋಡೆಯಂತೆಯೇ ಬೀಳುತ್ತಿತ್ತು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಅವುಗಳ ಹಿಡಿತ ಹೆಚ್ಚುತ್ತದೆ. ಸ್ಟಿಯರಿಂಗ್ ತಿರುಗಿಸುತ್ತಾ ಹೋದಂತೆ ಬ್ರೇಕನ್ನು ಅಷ್ಟಷ್ಟೇ ಸಡಿಲಿಸಿದರೆ ಆ ಭಾರ ಮುಂದೆಯೇ ಉಳಿದು ಕಾರು ಒಳಕ್ಕೆ ತಿರುಗುತ್ತದೆ; ಒಮ್ಮೆಲೇ ಬಿಟ್ಟರೆ ಮೂತಿ ಮೇಲೆದ್ದು ಕಾರು ನೇರವಾಗಿ ಹೊರಕ್ಕೆ ಜಾರುತ್ತದೆ. ಇದು ಪುಸ್ತಕದಿಂದ ಗೊತ್ತಿದ್ದ ಸಂಗತಿಯೇ, ಆದರೆ ನನ್ನ ಕಾಲಿಗೆ ಅದನ್ನು ಕಲಿಯುವ ಅವಕಾಶವಿರಲಿಲ್ಲ. ಏಕೆಂದರೆ ಜಿ29ರ ಪೆಡಲ್ ಅಳೆಯುವುದು ಪಾದ ಎಷ್ಟು ದೂರ ಸರಿಯಿತು ಎಂಬುದನ್ನು, ಮನುಷ್ಯನ ಕಾಲು ಚೆನ್ನಾಗಿ ನೆನಪಿಟ್ಟುಕೊಳ್ಳುವುದಾದರೋ ಎಷ್ಟು ಬಲ ಹಾಕಿದೆ ಎಂಬುದನ್ನು.

ಬಲವನ್ನೇ ಅಳೆಯುವ ಲೋಡ್ ಸೆಲ್ ಎಂಬುದು ನನಗೆ ಹೊಸದಾಗಿರಲಿಲ್ಲ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವುದು ಅದೇ. ಒತ್ತಡಕ್ಕೆ ಲೋಹದ ತುಂಡು ಕೂದಲೆಳೆಯಷ್ಟು ಬಾಗುವುದನ್ನು ಅಳೆದು ತೂಕ ಹೇಳುತ್ತದೆ. ಅದನ್ನು ಅಳವಡಿಸಿದ ಪೆಡಲ್‌ಗಳನ್ನು 22,000 ರೂಪಾಯಿಗೆ ಕೊಂಡು, ಪೂರ್ತಿ ಬ್ರೇಕ್ ಎಂದರೆ 40 ಕಿಲೋ ಒತ್ತಡ ಎಂದು ಹೊಂದಿಸಿದೆ. ಮೊದಲ ವಾರ ಮೀನಖಂಡ ನೋಯುತ್ತಿತ್ತು, ಸುತ್ತಿನ ಸಮಯವೂ ಕೆಟ್ಟಿತು. ಎರಡನೆಯ ವಾರದಿಂದ ದಿನಕ್ಕೆ ಇಪ್ಪತ್ತು ನಿಮಿಷ ಲೈಮ್ ರಾಕ್‌ನ ಒಂದೇ ತಿರುವನ್ನು ಅಭ್ಯಾಸ ಮಾಡಿದೆ: ಒಂದೇ ಗುರುತಿನಲ್ಲಿ ಬ್ರೇಕ್ ಹಿಡಿಯುವುದು, ಮನಸ್ಸಿನಲ್ಲಿ ಮೂರು ಎಣಿಸುತ್ತಾ ಬಿಡುವುದು. ತಿಂಗಳು ತುಂಬುವಷ್ಟರಲ್ಲಿ ಸುತ್ತಿಗೆ ಮುಕ್ಕಾಲು ಸೆಕೆಂಡು ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾಗಿ, ಚಕ್ರ ಲಾಕ್ ಆಗುವುದು ಹೆಚ್ಚುಕಡಿಮೆ ನಿಂತೇಹೋಯಿತು. ಸ್ಟಿಯರಿಂಗ್ ಅದೇ ಹಳೆಯದು. ಐರೇಸಿಂಗ್‌ನ ಆ ಸ್ಪರ್ಧಾ ಋತುವಿನ ಹನ್ನೆರಡು ವಾರಗಳು ಮುಗಿಯುವ ಮೊದಲೇ ಪರವಾನಗಿ ಎರಡು ದರ್ಜೆ ಏರಿತು.

40 ಕಿಲೋ ಒತ್ತುವ ಕಾಲಿಗೆ ಅಲುಗದ ಆಧಾರ ಬೇಕು. ಹಗ್ಗ ಕಟ್ಟಿದ ಕುರ್ಚಿ ಅದನ್ನು ಕೊಡಲಾರದು. ಯಂತ್ರಗಳ ಸುತ್ತ ರಕ್ಷಣೆಯ ಚೌಕಟ್ಟು ಕಟ್ಟಲು ನಾವು ಬಳಸುವ ಅಲ್ಯೂಮಿನಿಯಂ ಪ್ರೊಫೈಲ್ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ತಳಕ್ಕೂ ಪೆಡಲ್ ಹಲಗೆಗೂ 40×80 ಮಿಲಿಮೀಟರಿನದು, ಉಳಿದೆಡೆ 40×40ರದು ಎಂದು ಚಿತ್ರ ಬರೆದು, ಪೀಣ್ಯದ ಅಂಗಡಿಯೊಂದರಲ್ಲಿ ಅಳತೆಗೆ ಕತ್ತರಿಸಿ ಕೊಡಲು ಹೇಳಿದೆ. ಬ್ರ್ಯಾಕೆಟ್, ಟಿ-ನಟ್, ಬೋಲ್ಟುಗಳೂ ಸೇರಿ 14,500 ರೂಪಾಯಿ. ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟಿಗೆ 3,000. ಒಂದು ಭಾನುವಾರದ ಕೆಲಸ. ಸಿದ್ಧ ಚೌಕಟ್ಟುಗಳಿಗಿಂತ ಇದನ್ನೇ ನಾನು ಹೇಳುವುದು, ಏಕೆಂದರೆ ಮುಂದೆ ಏನನ್ನು ಬದಲಿಸಬೇಕಾದರೂ ಅಲೆನ್ ಕೀ ಒಂದಿದ್ದರೆ ಸಾಕು.

ಚೌಕಟ್ಟು ಗಟ್ಟಿಯಾದ ಮೇಲೆ ಪೆಡಲಿನ ಪೆಟ್ಟು ನೇರವಾಗಿ ನೆಲಕ್ಕೆ ಇಳಿಯತೊಡಗಿತು. ನಾವಿರುವುದು ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ. ವಾರದೊಳಗೆ ಕೆಳಗಿನ ಓನರ್ ಆಂಟಿ ಮೆಟ್ಟಿಲ ಬಳಿ ನಿಲ್ಲಿಸಿ, “ರಾತ್ರಿ ಹೊತ್ತು ಮೇಲೆ ಏನೋ ಕುಟ್ಟಿದ ಹಾಗೆ ಕೇಳ್ಸುತ್ತಲ್ಲಪ್ಪಾ, ಏನದು?” ಎಂದು ಕೇಳಿದರು. “ತಪ್ಪಾಯ್ತು ಆಂಟಿ, ಎರಡು ದಿನದಲ್ಲಿ ಸರಿ ಮಾಡ್ತೀನಿ” ಎಂದು ಹೇಳಿ, ಯಂತ್ರಗಳ ಕಂಪನ ತಡೆಯಲು ಕೆಳಗಿಡುವ ದಪ್ಪ ರಬ್ಬರ್ ಪ್ಯಾಡುಗಳನ್ನು ಚೌಕಟ್ಟಿನ ನಾಲ್ಕು ಮೂಲೆಗಳಿಗೂ ಹಾಕಿದೆ. ರಾತ್ರಿ ಹತ್ತರ ನಂತರ ಓಡಿಸುವುದನ್ನೂ ಬಿಟ್ಟೆ. ಯುರೋಪಿನವರು ಹೆಚ್ಚಾಗಿ ಸೇರುವುದು ನಮ್ಮ ನಡುರಾತ್ರಿಯಲ್ಲಿ, ಅದು ಕೈತಪ್ಪಿತು. ಆದರೆ ನಮ್ಮ ಭಾನುವಾರ ಬೆಳಗಿನ ಆರೂವರೆ ಎಂದರೆ ಅಮೆರಿಕದಲ್ಲಿ ಶನಿವಾರದ ರಾತ್ರಿ, ಆಗ ಸ್ಪರ್ಧೆಗಳು ತುಂಬಿರುತ್ತವೆ. ಮನೆಯವರೆಲ್ಲ ಏಳುವ ಮೊದಲೇ ಎರಡು ರೇಸ್ ಮುಗಿಯುತ್ತವೆ.

ಡೈರೆಕ್ಟ್ ಡ್ರೈವ್ ಸ್ಟಿಯರಿಂಗ್ ಕೊಂಡದ್ದು 2024ರಲ್ಲಿ, 42,000 ರೂಪಾಯಿಗೆ. ಗೇರುಗಳ ಮೂಲಕ ಬಲ ಕೊಡುವ ಜಿ29ರದು ಎರಡು ನ್ಯೂಟನ್ ಮೀಟರಿನ ಆಸುಪಾಸು. ಇದರಲ್ಲಿ ಹಿಡಿಚಕ್ರ ಮೋಟಾರಿನ ಶಾಫ್ಟಿಗೇ ಕೂರುವುದರಿಂದ 5.5 ನ್ಯೂಟನ್ ಮೀಟರ್ ನೇರವಾಗಿ ಕೈಗೆ ಬರುತ್ತದೆ, ಗೇರಿನ ಕಟಕಟ ಸದ್ದಿಲ್ಲ. ಹಿಂಬದಿ ಜಾರಲು ಆರಂಭಿಸಿದ್ದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಸಂತೋಷ ಬಹಳ ಹೆಚ್ಚಿತು, ಸಮಯ ಸುಧಾರಿಸಿದ್ದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ.

ಪಟ್ಟಿಯಲ್ಲಿ ಉಳಿದದ್ದು 6,500 ರೂಪಾಯಿಯ ಯುಪಿಎಸ್. ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ರೇಸ್ ಮುಗಿದಂತೆಯೇ ಆದ್ದರಿಂದ ಕಂಪ್ಯೂಟರಿನ ಜೊತೆಗೆ ಇಂಟರ್ನೆಟ್ ರೂಟರನ್ನೂ ಅದಕ್ಕೇ ಜೋಡಿಸಿದ್ದೇನೆ. ವೈಫೈ ಬಿಟ್ಟು ಕೇಬಲ್ ಎಳೆಯುವುದು ಕಡ್ಡಾಯ. ದೂರದ ಸರ್ವರಿನ ವಿಳಂಬ ಸ್ಥಿರವಾಗಿದ್ದರೆ ಸಹಿಸಬಹುದು. ನಡುನಡುವೆ ಮಾಹಿತಿ ಕಳೆದುಹೋದರೆ ನನ್ನ ಕಾರು ಇತರರ ಪರದೆಯಲ್ಲಿ ಜಿಗಿಯುತ್ತದೆ, ಪಕ್ಕದಲ್ಲಿ ಓಡಿಸುವವರಿಗೆ ಅದು ಅಪಾಯ.

ಮೂವತ್ತು ಸಾವಿರ ರೂಪಾಯಿ ಇಟ್ಟುಕೊಂಡು ಆರಂಭಿಸುವವರು ಕೇಳಿದರೆ, ಬಳಸಿದ ಸ್ಟಿಯರಿಂಗ್ ಕೊಂಡು, ಜಾರದ ಕುರ್ಚಿಯಲ್ಲಿ ಕುಳಿತು ಆರು ತಿಂಗಳು ಓಡಿಸಿ, ಮುಂದಿನ ಹಣವನ್ನು ಬ್ರೇಕಿಗೆ ಹಾಕಿ ಎನ್ನುತ್ತೇನೆ. ನಾನು ಸದ್ಯ ಓಡಿಸುತ್ತಿರುವುದು ಏಳು ಕಿಲೋಮೀಟರ್ ಉದ್ದದ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ. ಸುತ್ತಿನ ಕೊನೆಯ ಬಸ್ ಸ್ಟಾಪ್ ತಿರುವಿನಲ್ಲಿ ನನ್ನ ಬ್ರೇಕ್ ಗ್ರಾಫ್ ಇಳಿಯುತ್ತಾ ಹೋಗಿ ನಡುವೆ ಮತ್ತೊಮ್ಮೆ ಚಿಕ್ಕದಾಗಿ ಉಬ್ಬುತ್ತದೆ, ಅಂದರೆ ಬೇಗ ಬಿಟ್ಟು ಹೆದರಿ ಮತ್ತೆ ಒತ್ತುತ್ತಿದ್ದೇನೆ. ಈ ವಾರದ ಇಪ್ಪತ್ತು ನಿಮಿಷಗಳೆಲ್ಲ ಆ ಉಬ್ಬಿಗೆ ಮೀಸಲು.