ಶ್ವಾಸಕೋಶದಲ್ಲಿ ಗಾಳಿ–ರಕ್ತದ ಲೆಕ್ಕ ನೋಡುವುದು ಹೇಗೆ?

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಕೋಲಾರ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇನ್ನೂ ಔಷಧಿ ಡಬ್ಬದೊಳಗೆ ಇದೆ. ಅದರಲ್ಲಿ 98 ಬಂದರೆ ಸಮಾಧಾನ, 88 ಬಂದರೆ ಗಾಬರಿ. ಆದರೆ ನಿಮಿಷಕ್ಕೆ ಮೂವತ್ತು ಸಲ ಏದುಸಿರು ಬಿಡುತ್ತಿರುವ ರೋಗಿಯ ಬೆರಳಿನಲ್ಲೂ ಆ ಅಂಕಿ 88 ದಾಟದೆ ನಿಲ್ಲುವುದುಂಟು. ಇಷ್ಟೊಂದು ಗಾಳಿ ಒಳಗೆ ಹೋಗುತ್ತಿದ್ದರೂ ರಕ್ತಕ್ಕೆ ಆಮ್ಲಜನಕ ಏಕೆ ಸಾಲುವುದಿಲ್ಲ ಎಂದು ತಿಳಿಯಬೇಕಾದರೆ ಗಾಳಿಯ ಒಟ್ಟು ಮೊತ್ತವನ್ನು ಬಿಟ್ಟು, ಶ್ವಾಸಕೋಶದ ಯಾವ ಜಾಗಕ್ಕೆ ಎಷ್ಟು ಗಾಳಿ ಹೋಯಿತು, ಅದೇ ಜಾಗಕ್ಕೆ ಎಷ್ಟು ರಕ್ತ ಬಂತು ಎಂದು ನೋಡಬೇಕು. ಹಾಳೆ, ಪೆನ್ಸಿಲ್ ಇದ್ದರೆ ಪಿಯುಸಿ ವಿದ್ಯಾರ್ಥಿಯೂ ಈ ಲೆಕ್ಕವನ್ನು ಹಾಕಬಹುದು.

ಹೆಜ್ಜೆ 1: ಒಟ್ಟು ಲೆಕ್ಕ ಬರೆದುಕೊಳ್ಳಿ

ವಯಸ್ಕರೊಬ್ಬರು ಸುಮ್ಮನೆ ಕುಳಿತಾಗ ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಶ್ವಾಸನಾಳ ಮತ್ತು ಅದರ ಕವಲುಗಳಲ್ಲೇ ಉಳಿದು, ರಕ್ತದ ಹತ್ತಿರ ಸುಳಿಯದೆ ಹಾಗೆಯೇ ಹೊರಬರುತ್ತದೆ. ಮಿಕ್ಕ 350 ಮಿಲಿಲೀಟರ್ ಮಾತ್ರ ಗಾಳಿಗೂಡುಗಳನ್ನು, ಅಂದರೆ ಆಮ್ಲಜನಕ ರಕ್ತಕ್ಕೆ ದಾಟುವ ಪುಟ್ಟ ಚೀಲಗಳನ್ನು ತಲುಪುತ್ತದೆ. ನಿಮಿಷಕ್ಕೆ 12 ಉಸಿರು ಎಂದರೆ 4.2 ಲೀಟರ್ ಆಯಿತು. ಹೃದಯದ ಬಲಭಾಗ ಅದೇ ಒಂದು ನಿಮಿಷದಲ್ಲಿ ಶ್ವಾಸಕೋಶಕ್ಕೆ ತಳ್ಳುವ ರಕ್ತ ಸುಮಾರು 5 ಲೀಟರ್. ಗಾಳಿಯನ್ನು ರಕ್ತದಿಂದ ಭಾಗಿಸಿದರೆ 0.84 ಬರುತ್ತದೆ, ಪಠ್ಯಪುಸ್ತಕಗಳು ಇದನ್ನು 0.8 ಎಂದು ಬರೆಯುತ್ತವೆ, ವೈದ್ಯರು ವಿ/ಕ್ಯೂ ಅನುಪಾತ (ವಿ ಎಂದರೆ ಗಾಳಿ, ಕ್ಯೂ ಎಂದರೆ ರಕ್ತದ ಹರಿವು) ಎನ್ನುತ್ತಾರೆ.

ಏದುಸಿರಿನ ಲೆಕ್ಕವನ್ನೂ ಇಲ್ಲಿಯೇ ಹಾಕಿ ನೋಡಿ. ಒಂದು ಉಸಿರಿಗೆ 250 ಮಿಲಿಲೀಟರಿನಂತೆ ನಿಮಿಷಕ್ಕೆ 24 ಸಲ ಎಳೆದರೂ ಒಟ್ಟು ಗಾಳಿ ಮೊದಲಿನಷ್ಟೇ, ಅಂದರೆ 6 ಲೀಟರ್. ಆದರೆ ಪ್ರತಿ ಉಸಿರಿನಲ್ಲೂ 150 ನಾಳಕ್ಕೇ ಹೋಗುವುದರಿಂದ ಗಾಳಿಗೂಡು ಮುಟ್ಟುವುದು ನಿಮಿಷಕ್ಕೆ 2.4 ಲೀಟರ್ ಮಾತ್ರ. ಎದೆ ಎಷ್ಟು ಬೇಗ ಬೇಗ ಏರಿಳಿಯುತ್ತಿದೆ ಎಂಬುದನ್ನಷ್ಟೇ ನೋಡಿ ಉಸಿರಾಟ ಚೆನ್ನಾಗಿದೆ ಎಂದು ತೀರ್ಮಾನಿಸುವವರು ಎಡವುವುದು ಇಲ್ಲಿಯೇ.

ಹೆಜ್ಜೆ 2: ಮೇಲಿನಿಂದ ಕೆಳಕ್ಕೆ ಹಂಚಿ ನೋಡಿ

0.8 ಎಂಬುದು ಸರಾಸರಿ; ಆರೋಗ್ಯವಂತರ ಶ್ವಾಸಕೋಶದಲ್ಲೂ ಎಲ್ಲ ಕಡೆ ಅದೇ ಅನುಪಾತ ಇರುವುದಿಲ್ಲ. ನಿಂತಿರುವ ಮನುಷ್ಯನ ಶ್ವಾಸಕೋಶ ತುದಿಯಿಂದ ಬುಡಕ್ಕೆ ಸುಮಾರು 30 ಸೆಂಟಿಮೀಟರ್ ಎತ್ತರವಿದೆ. ಶ್ವಾಸಕೋಶದ ಅಪಧಮನಿಯಲ್ಲಿನ ಸರಾಸರಿ ಒತ್ತಡವಾದರೋ ಪಾದರಸದ 15 ಮಿಲಿಮೀಟರ್ ಮಾತ್ರ, ಕೈಗೆ ಪಟ್ಟಿ ಕಟ್ಟಿ ಅಳೆಯುವ ಬಿಪಿಯ ಮುಂದೆ ತೀರಾ ಕಡಿಮೆ. ಹೀಗಾಗಿ ರಕ್ತ ತುದಿಗೆ ಏರುವುದೇ ಕಷ್ಟ, ಬುಡಕ್ಕೆ ಧಾರಾಳವಾಗಿ ಇಳಿಯುತ್ತದೆ. ಗಾಳಿಯೂ ಬುಡಕ್ಕೇ ಹೆಚ್ಚು ಹೋಗುತ್ತದೆ. ಶ್ವಾಸಕೋಶದ ತೂಕದಿಂದಾಗಿ ಮೇಲಿನ ಗಾಳಿಗೂಡುಗಳು ಮೊದಲೇ ಹಿಗ್ಗಿ ನಿಂತಿರುವುದರಿಂದ ಅವುಗಳಲ್ಲಿ ಇನ್ನಷ್ಟು ಹಿಗ್ಗಲು ಎಡೆ ಕಡಿಮೆ. ಕೆಳಗಿನವು ಕುಗ್ಗಿರುವುದರಿಂದ ಉಸಿರೆಳೆದಾಗ ಚೆನ್ನಾಗಿ ಅರಳುತ್ತವೆ. ಆದರೆ ಮೇಲಿನಿಂದ ಕೆಳಕ್ಕೆ ಬಂದಂತೆ ರಕ್ತ ಏರುವಷ್ಟು ವೇಗವಾಗಿ ಗಾಳಿ ಏರುವುದಿಲ್ಲ. ಆದ್ದರಿಂದ ಅನುಪಾತವು ತುದಿಯಲ್ಲಿ 3ಕ್ಕಿಂತ ಹೆಚ್ಚು, ಬುಡದಲ್ಲಿ ಸುಮಾರು 0.6.

ತುದಿಯಲ್ಲಿ ರಕ್ತ ಕಡಿಮೆ ಇರುವ ಕಾರಣ ಅಲ್ಲಿಯ ಗಾಳಿಯಲ್ಲಿನ ಆಮ್ಲಜನಕ ಖರ್ಚಾಗದೆ ಉಳಿಯುತ್ತದೆ. ಆಮ್ಲಜನಕ ಹೆಚ್ಚಿದ್ದಲ್ಲಿ ಹುಲುಸಾಗಿ ಬೆಳೆಯುವ ಕ್ಷಯದ ಬ್ಯಾಕ್ಟೀರಿಯಾ ವಯಸ್ಕರಲ್ಲಿ ಶ್ವಾಸಕೋಶದ ಮೇಲ್ಭಾಗವನ್ನೇ ಹಿಡಿಯುವುದಕ್ಕೆ ಇದು ಮುಖ್ಯ ವಿವರಣೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳ ಕಲ್ಲುಧೂಳು ಕುಡಿದ ಕಾರ್ಮಿಕರಿಗೆ ಬರುತ್ತಿದ್ದ ಸಿಲಿಕೋಸಿಸ್ ಕೂಡ ಹೆಚ್ಚಾಗಿ ಮೇಲ್ಭಾಗದ್ದೇ ಕಾಯಿಲೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯವೂ ಹೆಚ್ಚು. ಅಂಥವರ ಎದೆಯ ಎಕ್ಸ್‌ರೇಯಲ್ಲಿ ವೈದ್ಯರ ಕಣ್ಣು ಮೊದಲು ಕೊರಳೆಲುಬಿನ ಹಿಂದಿನ ಜಾಗಕ್ಕೆ ಹೋಗುವುದು ಸುಮ್ಮನೆ ಅಲ್ಲ.

ಅಂತರಗಂಗೆಯ ಮೆಟ್ಟಿಲು ಹತ್ತುವಾಗ ಹೃದಯ ಹೆಚ್ಚು ರಕ್ತ ತಳ್ಳುತ್ತದೆ, ಒತ್ತಡ ಏರುತ್ತದೆ, ತುದಿಯ ಲೋಮನಾಳಗಳೂ (ಅತಿ ಸಣ್ಣ ರಕ್ತನಾಳಗಳು) ತೆರೆದುಕೊಂಡು ಮೇಲು–ಕೆಳಗಿನ ಅಂತರ ಕಡಿಮೆಯಾಗುತ್ತದೆ. ಮಲಗಿದಾಗಲೂ ಅಷ್ಟೆ.

ಹೆಜ್ಜೆ 3: ಬೆರೆತ ರಕ್ತದ ಲೆಕ್ಕ ಹಾಕಿ

ಇದು ಮುಖ್ಯವಾದ ಹೆಜ್ಜೆ, ನಿಧಾನವಾಗಿ ಓದಿ. ರಕ್ತ ಬಂದು ಗಾಳಿ ಬಾರದಿದ್ದರೆ ಅನುಪಾತ ಸೊನ್ನೆ. ನ್ಯುಮೋನಿಯಾದಲ್ಲಿ ಗಾಳಿಗೂಡುಗಳು ಕೀವು, ದ್ರವದಿಂದ ತುಂಬಿದಾಗ ಹೀಗಾಗುತ್ತದೆ. ಗಾಳಿ ಬಂದು ರಕ್ತ ಬಾರದಿದ್ದರೆ ಅನುಪಾತ ಅನಂತ. ಕಾಲಿನ ಅಭಿಧಮನಿಯಿಂದ ಹೊರಟ ಹೆಪ್ಪು ಶ್ವಾಸಕೋಶದ ರಕ್ತನಾಳಕ್ಕೆ ಸಿಕ್ಕಿಕೊಂಡಾಗ ಆಗುವುದು ಇದು.

ಈಗ ಶ್ವಾಸಕೋಶವನ್ನು ಎರಡು ಸಮಭಾಗ ಮಾಡಿ, ಒಂದೊಂದಕ್ಕೂ 2.5 ಲೀಟರ್ ರಕ್ತ ಕೊಡಿ. ಚೆನ್ನಾಗಿರುವ ಭಾಗದಿಂದ ಹೊರಡುವ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಶೇ 98ರಷ್ಟು ಆಮ್ಲಜನಕದಿಂದ ತುಂಬಿರುತ್ತದೆ; ಆಕ್ಸಿಮೀಟರ್ ತೋರಿಸುವುದೂ ಇದೇ ಅಂಕಿ. ಗಾಳಿಯಿಲ್ಲದ ಭಾಗದ ರಕ್ತ ಬಂದ ಹಾಗೆಯೇ, ಅಂದರೆ ಶೇ 75ರಲ್ಲೇ ಹೊರಡುತ್ತದೆ. ಎರಡೂ ಬೆರೆತಾಗ ಬರುವ ಅಂಕಿ 86.5. ರೋಗಿ ಜೋರಾಗಿ ಉಸಿರಾಡಿ ಚೆನ್ನಾಗಿರುವ ಭಾಗಕ್ಕೆ ಎರಡರಷ್ಟು ಗಾಳಿ ಕಳಿಸಿದ ಎನ್ನಿ. ಅಲ್ಲಿ 98 ಇದ್ದದ್ದು ಹೆಚ್ಚೆಂದರೆ 99 ಅಥವಾ 100 ಆದೀತು, ಬೆರೆತ ಅಂಕಿ 87.5 ದಾಟದು. ಕೋಲಾರದ ಎಪಿಎಂಸಿಯ ಒಂದು ಅಂಗಳದಲ್ಲಿ ಟೊಮೆಟೊ ಬಾಕ್ಸುಗಳು ಬೆಟ್ಟದಷ್ಟು ಬಿದ್ದಿದ್ದು, ಇನ್ನೊಂದರಲ್ಲಿ ಒಂದೂ ಇಲ್ಲದಿದ್ದರೆ, ಮೊದಲ ಅಂಗಳದ ಲಾರಿ ತನ್ನ ಅಳತೆ ಮೀರಿ ಹೇರಿಕೊಳ್ಳಲಾರದು, ಎರಡನೆಯದು ಖಾಲಿ ಹೊರಡುವುದೂ ತಪ್ಪುವುದಿಲ್ಲ. ಹಿಮೋಗ್ಲೋಬಿನ್ನಿನ ಪಾಡೂ ಅದೇ. ಇಂಗಾಲದ ಡೈಆಕ್ಸೈಡಿಗೆ ಈ ಮಿತಿಯಿಲ್ಲ. ಚೆನ್ನಾಗಿರುವ ಭಾಗ ಅದನ್ನು ಹೆಚ್ಚು ಹೊರಹಾಕಿ ಕೊರತೆಯನ್ನು ತುಂಬಬಲ್ಲದು. ಆದ್ದರಿಂದಲೇ ಹೊಂದಾಣಿಕೆ ತಪ್ಪಿದಾಗ ಸಾಮಾನ್ಯವಾಗಿ ಮೊದಲು ಇಳಿಯುವುದು ಆಮ್ಲಜನಕ.

ಹೆಜ್ಜೆ 4: ದೇಹದ ತಿದ್ದುಪಡಿಯನ್ನು ಸೇರಿಸಿ

ದೇಹ ಕೈಕಟ್ಟಿ ಕೂರುವುದಿಲ್ಲ. ಕೈಕಾಲಿನ ರಕ್ತನಾಳಗಳು ಆಮ್ಲಜನಕ ಕಡಿಮೆಯಾದರೆ ಹಿಗ್ಗುತ್ತವೆ. ಶ್ವಾಸಕೋಶದ ಸಣ್ಣ ಅಪಧಮನಿಗಳು ತದ್ವಿರುದ್ಧವಾಗಿ, ಗಾಳಿಗೂಡಿನಲ್ಲಿ ಆಮ್ಲಜನಕ ಕಡಿಮೆಯಾದ ಕಡೆ ಸಂಕುಚಿಸುತ್ತವೆ. ಸ್ವೀಡನ್ನಿನ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಪ್ರಯೋಗ ನಡೆಸಿ 1946ರಲ್ಲಿ ಇದನ್ನು ವಿವರಿಸಿದರು. ಇದು ನಡೆಯಲು ಮೆದುಳಿನ ಅಪ್ಪಣೆ ಬೇಕಿಲ್ಲ. ನಾಳದ ಗೋಡೆಯ ಸ್ನಾಯುಕೋಶವೇ ಕೊರತೆಯನ್ನು ಗುರುತಿಸಿ, ಕೆಲವೇ ಸೆಕೆಂಡುಗಳಲ್ಲಿ ಬಿಗಿಯಲು ತೊಡಗುತ್ತದೆ.

ಹಾಳೆಗೆ ಮರಳಿ, ಗಾಳಿಯಿಲ್ಲದ ಭಾಗದ ರಕ್ತವನ್ನು ಅರ್ಧಕ್ಕೆ, ಅಂದರೆ 1.25 ಲೀಟರಿಗೆ ಇಳಿಸಿ, ಉಳಿದ 3.75 ಲೀಟರನ್ನು ಚೆನ್ನಾಗಿರುವ ಭಾಗಕ್ಕೆ ತಿರುಗಿಸಿ. ಈಗ ಬೆರೆತ ಅಂಕಿ ಸುಮಾರು 92. ಒಂದು ಚೂರೂ ಹೆಚ್ಚು ಗಾಳಿ ಎಳೆಯದೆ, ರಕ್ತದ ದಾರಿ ಬದಲಿಸಿದ್ದರಿಂದಲೇ ಐದಾರು ಅಂಕ ಸಿಕ್ಕಿತು. ರಕ್ತ ನಿಂತ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಅಲ್ಲಿಯ ಗಾಳಿಯ ಕೊಳವೆ ಬಿಗಿಯುವ ಏರ್ಪಾಡೂ ಇದೆ, ಆದರೆ ಅದರ ಪ್ರಭಾವ ಇಷ್ಟು ದೊಡ್ಡದಲ್ಲ.

ಈ ಏರ್ಪಾಡು ಒಂದು ಭಾಗ ಕೆಟ್ಟಾಗ ವರ, ಇಡೀ ಶ್ವಾಸಕೋಶಕ್ಕೆ ಆಮ್ಲಜನಕ ಕಡಿಮೆಯಾದಾಗ ಶಾಪ. ಲಡಾಖಿನಂಥ ಎತ್ತರದಲ್ಲಿ ಎಲ್ಲ ನಾಳಗಳೂ ಒಟ್ಟಿಗೆ ಬಿಗಿದು ಒತ್ತಡ ಏರಿದರೆ, ಕೆಲವರ ಗಾಳಿಗೂಡುಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ನಮ್ಮ ನಂದಿಬೆಟ್ಟದ 1,478 ಮೀಟರಿಗೆ ಆ ಭಯವಿಲ್ಲ.

ಹೆಜ್ಜೆ 5: ಹಾಸಿಗೆಯ ಪಕ್ಕದಲ್ಲಿ ಬಳಸಿ

ಬಲ ಶ್ವಾಸಕೋಶದಲ್ಲಿ ನ್ಯುಮೋನಿಯಾ ಇರುವ ವಯಸ್ಕ ರೋಗಿಯನ್ನು ಎಡಕ್ಕೆ ಮಗ್ಗುಲಾಗಿ ಮಲಗಿಸಿದರೆ ಚೆನ್ನಾಗಿರುವ ಎಡಭಾಗ ಕೆಳಗಾಗುತ್ತದೆ, ರಕ್ತ ಅತ್ತ ಹೆಚ್ಚು ಇಳಿಯುತ್ತದೆ, ಆಕ್ಸಿಮೀಟರಿನ ಅಂಕಿ ಏರಬಹುದು. ಬೆರಳನ್ನು ಅಲುಗಿಸದೆ ಕೆಲವು ನಿಮಿಷ ಕಾದು ನೋಡಬೇಕು. ತಣ್ಣನೆಯ ಬೆರಳು, ಉಗುರಿನ ಬಣ್ಣ, ಮೆಹಂದಿ ಇವೆಲ್ಲ ಅಂಕಿಯನ್ನು ಕೆಡಿಸಬಲ್ಲವು. ಕೋವಿಡ್ ರೋಗಿಗಳನ್ನು ಬೋರಲು ಮಲಗಿಸಿದ್ದರ ಹಿಂದೆಯೂ ಇದೇ ಹೊಂದಾಣಿಕೆಯ ವಿಚಾರವಿತ್ತು: ಬೆನ್ನ ಕಡೆಯ ಕುಸಿದ ಗಾಳಿಗೂಡುಗಳು ಮತ್ತೆ ತೆರೆದು, ರಕ್ತ ಹೇರಳವಾಗಿರುವ ಆ ಭಾಗಕ್ಕೆ ಗಾಳಿ ಸಿಗುತ್ತದೆ.

ಹಳೆಯ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ರೋಗಿಗಳ ಮನೆಯಲ್ಲಿ ಆಕ್ಸಿಜನ್ ಯಂತ್ರವಿದ್ದರೆ, 98 ಬರಲಿ ಎಂದು ತಾವಾಗಿಯೇ ಗುಂಡಿ ತಿರುಗಿಸಬಾರದು. ಹೆಚ್ಚು ಆಮ್ಲಜನಕ ಸಿಕ್ಕರೆ ಬಿಗಿದ ನಾಳಗಳು ಸಡಿಲವಾಗಿ, ಗಾಳಿ ಸರಿಯಾಗಿ ಆಡದ ಜಾಗಗಳಿಗೆ ಮತ್ತೆ ರಕ್ತ ಹರಿದು, ಇಂಗಾಲದ ಡೈಆಕ್ಸೈಡ್ ಏರಿ ರೋಗಿಗೆ ಮಂಪರು ಕವಿಯಬಹುದು. ಆ ಅಪಾಯವಿರುವವರಿಗೆ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ಗುರಿ ಇಡುತ್ತಾರೆ. ಇನ್ನುಳಿದವರಲ್ಲಿ, ಆಮ್ಲಜನಕ ಕೊಟ್ಟೂ ಅಂಕಿ ಮೇಲೇಳದಿದ್ದರೆ ಅನುಪಾತ ಸೊನ್ನೆಯಾಗಿರುವ ಜಾಗ ದೊಡ್ಡದಿದೆ ಎಂದು ಶಂಕಿಸಿ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಮಗ್ಗುಲಿನ ನಿಯಮಕ್ಕೆ ಎರಡು ಅಪವಾದಗಳಿವೆ. ಹಸುಗೂಸುಗಳಲ್ಲಿ ಮೇಲಿನ ಶ್ವಾಸಕೋಶಕ್ಕೇ ಗಾಳಿ ಹೆಚ್ಚು ಹೋಗುವುದರಿಂದ ಚೆನ್ನಾಗಿರುವ ಭಾಗ ಮೇಲಿರಬೇಕು. ಕೆಮ್ಮಿನಲ್ಲಿ ಧಾರಾಳ ರಕ್ತ ಬರುತ್ತಿರುವ ರೋಗಿಯನ್ನಾದರೋ ಕೆಟ್ಟ ಭಾಗವೇ ಕೆಳಗಾಗುವಂತೆ ಮಲಗಿಸಬೇಕು. ಇಲ್ಲವಾದರೆ ಅಲ್ಲಿಂದ ಹೊರಟ ರಕ್ತ ಚೆನ್ನಾಗಿರುವ ಶ್ವಾಸಕೋಶಕ್ಕೂ ಇಳಿದು ಅದನ್ನೂ ತುಂಬಿಬಿಡುತ್ತದೆ.